ಬಾಣಂತಿ ಕೋಣೆಗೆ ಇಲ್ಲದ ತಂಪು

ಕಾವೇರಮ್ಮನ ಬಾಯಿಗೆ ಹೆದರದವರು ಮಲ್ಲೇಶ್ವರದಿಂದ ವೈಯಾಲಿಕಾವಲ್‌ವರೆಗೆ ಯಾರೂ ಇಲ್ಲ. ಆದರೂ ಆ ಸುತ್ತಿನ ಮನೆಗಳಲ್ಲಿ ಯಾರಿಗಾದರೂ ಹೆರಿಗೆ ಆಯಿತೆಂದರೆ, ಸಿಹಿ ಹಂಚುವುದಕ್ಕೂ ಮೊದಲು ಫೋನ್ ಹೋಗುವುದು ಅವಳಿಗೆ. ಬಾಣಂತಿಗೆ ನೀರು ಹಾಕುವುದು, ಹಸುಗೂಸನ್ನು ಚಾಚಿದ ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕಿ ಎರೆಯುವುದು, ಸಾಂಬ್ರಾಣಿ ಹೊಗೆ ಹಿಡಿದು ಬೆಚ್ಚಗೆ ಸುತ್ತಿ ಮಲಗಿಸುವುದು ಅವಳ ಕೆಲಸ. ಮೂವತ್ತನಾಲ್ಕು ವರ್ಷದಿಂದ ಅದೊಂದೇ ಕೆಲಸ. "ನನ್ ಬಾಯಿ ಸರಿ ಇಲ್ಲ, ಕೈ ಸರಿ ಇದೆ. ಬೇಕಾದ್ರೆ ಕರೀರಿ, ಬೇಡ್ದಿದ್ರೆ ಬಿಡಿ," ಎಂದು ಮೊದಲ ದಿನವೇ ಹೇಳಿಬಿಡುತ್ತಾಳೆ. ಬಿಟ್ಟವರು ಇದುವರೆಗೆ ಯಾರೂ ಇಲ್ಲ.

ಕೈ ನಿಜಕ್ಕೂ ಸರಿ ಇದೆ. ಎಂಥ ರಚ್ಚೆ ಹಿಡಿದ ಕೂಸೂ ಅವಳ ಕಾಲ ಮೇಲೆ ಬಿದ್ದರೆ ಎರಡು ಸಲ ಕಿರುಚಿ, ಆಮೇಲೆ ನೀರಿನ ಹದಕ್ಕೆ ಸೋತು ಕಣ್ಣು ಮುಚ್ಚುತ್ತದೆ. ಈ ವಿದ್ಯೆಯನ್ನು ಕಲಿಸಿದವಳು ಅತ್ತೆ. ಗಂಡ ಮುತ್ತುರಾಜ್ ಹೂವಿನ ವ್ಯಾಪಾರ ಮಾಡುತ್ತಿದ್ದ. ಅವನು ಹೋದ ಮೇಲೆ ಮಗಳನ್ನು ಓದಿಸಿ ಮದುವೆ ಮಾಡಿದ್ದು ಇದೇ ಎಣ್ಣೆ ಕೈ. ಬೆಳಿಗ್ಗೆ ಐದೂವರೆಗೆ ಮನೆ ಬಿಟ್ಟರೆ ನಾಲ್ಕು ಮನೆ ಮುಗಿಸಿ ಹನ್ನೊಂದಕ್ಕೆಲ್ಲ ವೈಯಾಲಿಕಾವಲ್‌ನ ತನ್ನ ಶೀಟಿನ ಮನೆಗೆ ವಾಪಸ್ಸು. ಹಗಲು ಹನ್ನೊಂದರ ಮೇಲೆ ಆ ಬಾಣಂತಿ ಕೋಣೆಗಳು ಹೇಗಿರುತ್ತವೆ ಎನ್ನುವುದನ್ನು ಅವಳು ನೋಡಿದವಳೇ ಅಲ್ಲ. ನೋಡಬೇಕು ಅಂತ ಅನ್ನಿಸಿಯೂ ಇರಲಿಲ್ಲ.

ಅವಳ ಶತ್ರು ಒಂದೇ, ಗಾಳಿ. ಬಾಣಂತಿ ಕೋಣೆಯಲ್ಲಿ ಗಾಳಿ ಆಡಕೂಡದು. ಕಿಟಕಿ ಮುಚ್ಚಬೇಕು, ಫ್ಯಾನ್ ತಿರುಗಕೂಡದು. ಬಾಣಂತಿಯ ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು, ಕಾಲಿಗೆ ಕಾಲುಚೀಲ. ನೀರು ಜಾಸ್ತಿ ಕುಡಿದರೆ ಹೊಟ್ಟೆ ಬರುತ್ತದೆ, ಅದಕ್ಕೇ ಲೋಟದಲ್ಲಿ ಅಳೆದು ಕೊಡಬೇಕು. ಕೂಸಿಗೆ ಉಣ್ಣೆ ಟೋಪಿ, ಮೇಲೊಂದು ಬಟ್ಟೆ, ಅದರ ಮೇಲೆ ಇನ್ನೊಂದು. ಒಮ್ಮೆ ಯಾರದೋ ಮನೆಯಲ್ಲಿ ಗಂಡ ಅನ್ನಿಸಿಕೊಂಡವನು ಪಾಪ ಹೆಂಡತಿ ಬೆವರುತ್ತಾಳೆಂದು ಫ್ಯಾನ್ ಹಾಕಿದ್ದ. ಕಾವೇರಮ್ಮ ರೆಗ್ಯುಲೇಟರಿನ ಗುಬುಟನ್ನೇ ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ತಂದಿದ್ದಳು. ಆ ಕಥೆಯನ್ನು ಮುಂದಿನ ಮನೆಗಳಲ್ಲೆಲ್ಲ ಹೇಳಿ ನಗಿಸುತ್ತಿದ್ದಳು.

ಅಲ್ಲ, ಆ ನಿಯಮಗಳು ಸುಮ್ಮನೆ ಹುಟ್ಟಿದವಲ್ಲ. ಮಲ್ಲೇಶ್ವರದ ವಿಶ್ವಾರಾಧ್ಯರ ಮಗಳು ಐಶ್ವರ್ಯ ಹುಟ್ಟಿದ್ದು ತೊಂಬತ್ತಾರರ ಡಿಸೆಂಬರ್‌ನಲ್ಲಿ. ಬೆಳಿಗ್ಗೆ ಏಳಕ್ಕೆ ಸಂಪಿಗೆ ರಸ್ತೆಯಲ್ಲಿ ಎದುರಿಗೆ ಬರುವವರ ಮುಖ ಕಾಣುತ್ತಿರಲಿಲ್ಲ, ಹಾಗೆ ಮಂಜು. ಆಗ ಕಿಟಕಿ ಮುಚ್ಚು ಎಂದರೆ ಅದಕ್ಕೊಂದು ಅರ್ಥವಿತ್ತು. ಐಶ್ವರ್ಯಳಿಗೆ ಎರೆದವಳೂ ಕಾವೇರಮ್ಮನೇ. ಈಗ ಇಪ್ಪತ್ತೇಳು ವರ್ಷದ ಮೇಲೆ ಆ ಹುಡುಗಿ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಹುಟ್ಟಿದ್ದು ಹೆಣ್ಣು ಮಗು. ಆದರೆ ಇದು ಎರಡು ಸಾವಿರದ ಇಪ್ಪತ್ತನಾಲ್ಕರ ಏಪ್ರಿಲ್ ಎನ್ನುವುದನ್ನು ಯಾರಾದರೂ ಗಮನಿಸಬೇಕಿತ್ತು.

ಆ ಏಪ್ರಿಲ್ ಏನು ಸಾಮಾನ್ಯವೇ! ಒಂದು ಹನಿ ಮಳೆ ಇಲ್ಲ. ಬೋರ್‌ವೆಲ್ ಬತ್ತಿ ಬೀದಿಬೀದಿಗೂ ಟ್ಯಾಂಕರ್. ನಮ್ಮ ಬೆಂಗಳೂರಿಗೆ ಫ್ಯಾನೇ ಬೇಡ ರೀ ಎಂದು ಜಂಬ ಕೊಚ್ಚಿಕೊಂಡವರೆಲ್ಲ ಎಸಿ ಅಂಗಡಿ ಮುಂದೆ ನಿಂತಿದ್ದರು. ಚಿಕ್ಕಪೇಟೆಯಲ್ಲಿ ಮೂರು ತಲೆಮಾರಿನ ಬಟ್ಟೆ ಅಂಗಡಿ ಇಟ್ಟಿರುವ ವಿಶ್ವಾರಾಧ್ಯರೂ ನಿಂತರು. ಅವರಿಗೆ ಬಿಪಿ, ಬಿಸಿಲಲ್ಲಿ ತಲೆ ಸುತ್ತಿ ಬಂದದ್ದೂ ಉಂಟು. ತಂಪಾದ ಕಡೆ ಇರಿ ಎಂದು ಡಾಕ್ಟರು ಹೇಳಿದ್ದರು. ಸರಿ, ಅವರು ಹೆಂಡತಿಯೊಡನೆ ಮಲಗುವ ಕೋಣೆಗೆ ಎಸಿ ಬಂತು. ಹೊರಗಿಡುವ ಪೆಟ್ಟಿಗೆಯನ್ನು ಮುಂದುಗಡೆ ಹಾಕಿದರೆ ಹೊಸದಾಗಿ ಕಟ್ಟಿಸಿದ ಮನೆಯ ಅಂದ ಕೆಡುತ್ತದೆಂದು ಹಿಂದಿನ ಸಂದಿಯಲ್ಲಿ, ಹಿಂಬದಿಯ ಸಣ್ಣ ಕೋಣೆಯ ಕಿಟಕಿಯ ಪಕ್ಕಕ್ಕೆ ಹಾಕಿಸಿದರು. ಆಮೇಲೆ ಆ ಸಣ್ಣ ಕೋಣೆಯನ್ನೇ ಬಾಣಂತಿಗೆ ಬಿಟ್ಟುಕೊಟ್ಟರು. ಬಂದುಹೋಗುವವರ ಕಣ್ಣಿಗೆ ಬೀಳುವುದಿಲ್ಲ, ಬಚ್ಚಲು ಹತ್ತಿರ, ಕಿಟಕಿಯೂ ಒಂದೇ. ನೋಡಿ ಒಪ್ಪಿದವಳು ಕಾವೇರಮ್ಮ.

ಐದನೆಯ ದಿನ ನೀರು ಹಾಕುವಾಗ ಐಶ್ವರ್ಯ ಮೆಲ್ಲಗೆ ಕೇಳಿದ್ದಳು. "ಕಾವೇರಮ್ಮ, ಮಧ್ಯಾಹ್ನ ಸೆಕೆ ತಡ್ಕೊಳೋಕಾಗ್ತಿಲ್ಲ. ಒಂದೆರಡು ಗಂಟೆ ಅಪ್ಪನ್ ರೂಮಲ್ಲಿ ಮಲಗ್ಲಾ? ಅಮ್ಮ ನಿಮ್ಮನ್ ಕೇಳು ಅಂದ್ರು."

"ಅಯ್ಯೋ ನಿನ್ನ! ಹಸಿ ಮೈಗೆ ಎಸಿ ಗಾಳೀನಾ? ಆಮೇಲೆ ನಲವತ್ತಕ್ಕೇ ಸೊಂಟ ಹಿಡ್ಕೊಂಡು ಓಡಾಡ್ತೀಯ. ನಿಮ್ಮಮ್ಮ ತಡ್ಕೊಂಡಿಲ್ವೇನೆ ನಿನ್ನ ಹೆತ್ತಾಗ?" ಎಂದು ಕಾವೇರಮ್ಮ ಬೆನ್ನಿನ ಮೇಲೆ ಬಿಸಿನೀರು ಹುಯ್ದಿದ್ದಳು. ಅಮ್ಮ ತಡೆದುಕೊಂಡದ್ದು ಡಿಸೆಂಬರಿನಲ್ಲಿ ಎನ್ನುವುದು ಅವಳಿಗೂ ಹೊಳೆಯಲಿಲ್ಲ, ಬಾಗಿಲಲ್ಲಿ ಟವಲ್ ಹಿಡಿದು ನಿಂತಿದ್ದ ಆ ಅಮ್ಮನಿಗೂ ಹೊಳೆಯಲಿಲ್ಲ.

ಒಂಬತ್ತನೆಯ ದಿನ ಬೆಳಿಗ್ಗೆ ಆ ಮನೆಯ ಸಂಪಿನಲ್ಲಿ ನೀರಿರಲಿಲ್ಲ. ಟ್ಯಾಂಕರ್ ಬಂದ ಮೇಲೆ ಬನ್ನಿ ಎಂದು ಐಶ್ವರ್ಯಳ ತಾಯಿ ತ್ರಿಪುರಸುಂದರಿ ಫೋನ್ ಮಾಡಿದರು. ಟ್ಯಾಂಕರ್ ಬಂದದ್ದು ಮಧ್ಯಾಹ್ನ ಒಂದೂವರೆಗೆ. ಉಳಿದ ಮೂರು ಮನೆ ಮುಗಿಸಿ, ತನ್ನ ಶೀಟಿನ ಕೆಳಗೆ ಒದ್ದೆ ಟವಲ್ ಹೊದ್ದು ಬಿದ್ದುಕೊಂಡಿದ್ದ ಕಾವೇರಮ್ಮ ಎದ್ದು ಬಂದಳು. ದಾರಿಯುದ್ದಕ್ಕೂ ಬಿಸಿಲಿಗೆ ಬೈದಳು, ಟ್ಯಾಂಕರಿನವನಿಗೆ ಬೈದಳು, ಈ ಹೊತ್ತಿನಲ್ಲಿ ಕರೆದವರಿಗೂ ಬೈದಳು. ಟಾರು ಚಪ್ಪಲಿಗೆ ಅಂಟುತ್ತಿತ್ತು.

ಬಾಗಿಲು ತೆರೆದ ತ್ರಿಪುರಸುಂದರಿ ಹೆಗಲ ಮೇಲೆ ಶಾಲು ಹೊದ್ದಿದ್ದರು. ಹೊರಗೆ ಬೆಂಕಿ ಸುರಿಯುವಾಗ ಶಾಲು! ಕಾವೇರಮ್ಮ ಎರಡು ಸಲ ನೋಡಿದಳು.

"ಇವರು ಎಸಿ ಜಾಸ್ತಿ ಇಟ್ಬಿಡ್ತಾರೆ, ನನಗೆ ಚಳಿ," ಎಂದರು ಆಕೆ ನಾಚಿಕೊಂಡು. "ಬನ್ನಿ, ಪಾಪು ಎಷ್ಟು ಒಳ್ಳೇದು ಗೊತ್ತಾ? ನಿನ್ನೆ ಮಧ್ಯಾಹ್ನದಿಂದ ಅಳೋದೇ ಇಲ್ಲ. ಬೆಳಿಗ್ಗೆಯಿಂದ ಮಲಗೇ ಇದೆ."

ಆ ಮಾತು ಕಾವೇರಮ್ಮನಿಗೆ ಹಿಡಿಸಲಿಲ್ಲ. ಒಂಬತ್ತು ದಿನದ ಕೂಸು ಹಾಲಿಗೆ ಅಳದೆ ಇರುವುದೆಂದರೇನು? ಹಿಂದಿನ ಕೋಣೆಯ ಬಾಗಿಲು ತಳ್ಳಿದಳು. ತಳ್ಳಿದವಳೇ ಒಂದು ಹೆಜ್ಜೆ ಹಿಂದಕ್ಕೆ ಬಂದಳು.

ಕೋಣೆ ಎಂದರೆ ಕೋಣೆಯೇ ಅದು? ಬೇಕರಿಯ ಒಲೆ. ಮುಚ್ಚಿದ ಕಿಟಕಿಗೆ ದಪ್ಪ ಬೆಡ್‌ಶೀಟನ್ನು ಬೇರೆ ಕಟ್ಟಿದ್ದರು. ಗಾಳಿಯಲ್ಲಿ ಹಳೆಯ ಸಾಂಬ್ರಾಣಿ, ಹಾಲು, ಬೆವರು. ಮಂಚದ ಮೇಲೆ ಐಶ್ವರ್ಯ ಸ್ಕಾರ್ಫು ಸುತ್ತಿಕೊಂಡು, ತುಟಿ ಒಡೆದು, ಅರೆಗಣ್ಣು ಮಾಡಿಕೊಂಡು ಮಲಗಿದ್ದಳು. ನೈಟಿ ಬೆನ್ನಿಗೆ ಅಂಟಿತ್ತು. ಪಕ್ಕದಲ್ಲಿ ಟೋಪಿ, ಕಾಲುಚೀಲ, ಎರಡು ಬಟ್ಟೆಯ ಗಂಟಿನೊಳಗೆ ಕೂಸು. ಅಚ್ಚುಕಟ್ಟಾಗಿ ಸುತ್ತಿದ್ದರು, ಕಾವೇರಮ್ಮ ಕಲಿಸಿಕೊಟ್ಟ ಹಾಗೆಯೇ.

ಎತ್ತಿಕೊಂಡಳು. ಮೈ ಕಾದ ಹೆಂಚು. ತುಟಿ ಒಣಗಿದೆ. ಟೋಪಿ ತೆಗೆದು ನೆತ್ತಿಯ ಮೇಲೆ ಬೆರಳಿಟ್ಟಳು. ದಿನಾ ಎಣ್ಣೆ ಒತ್ತುವ ಜಾಗ, ಅವಳ ಬೆರಳಿಗೆ ಅದರ ಪರಿಚಯವಿತ್ತು. ಇವತ್ತು ಅಲ್ಲಿ ಗುಳಿ ಬಿದ್ದಿತ್ತು. ಲಂಗೋಟಿ ಬಿಚ್ಚಿದಳು, ಒಣಗಿದ ಬಟ್ಟೆ.

"ಐಶು, ಏಳು. ಮಗು ಉಚ್ಚೆ ಹೊಯ್ದು ಎಷ್ಟೊತ್ತಾಯ್ತು?"

"ಗೊತ್ತಾಗ್ಲಿಲ್ಲ... ನಿನ್ನೆ ರಾತ್ರಿ ಬಟ್ಟೆ ಬದಲಾಯಿಸಿದ್ದು. ಹಾಲು ಕುಡೀತಿಲ್ಲ ಕಾವೇರಮ್ಮ. ನನಗೂ ಹಾಲು ಬರ್ತಿಲ್ಲ ಅನ್ಸತ್ತೆ."

"ನೀನು ಏನ್ ಕುಡ್ದಿದೀಯ?"

"ಬೆಳಿಗ್ಗೆ ಒಂದು ಲೋಟ ನೀರು. ಅಷ್ಟೇ ತಾನೆ ಕೊಡ್ಬೇಕಾಗಿದ್ದು."

ಕಾವೇರಮ್ಮ ಕೂಸನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ಬೆಡ್‌ಶೀಟು ಕಿತ್ತೆಸೆದು ಕಿಟಕಿ ತೆಗೆದಳು. ತಂಪಲ್ಲ, ಬುಸ್ಸೆಂದು ಬಿಸಿಗಾಳಿ ಮುಖಕ್ಕೆ ಹೊಡೆಯಿತು. ಬಗ್ಗಿ ನೋಡಿದರೆ ಗೋಡೆಗೆ ಅಂಟಿಕೊಂಡ ಬಿಳಿ ಪೆಟ್ಟಿಗೆ, ಒಳಗೆ ಗರಗರ ತಿರುಗುವ ರೆಕ್ಕೆ. ಮುಂದಿನ ಕೋಣೆಯ ಸೆಕೆಯನ್ನೆಲ್ಲ ಬಾಚಿ ತಂದು ಈ ಸಂದಿಯಲ್ಲಿ ಸುರಿಯುತ್ತಿತ್ತು. ಸಂದಿಯ ಆಚೆಗೆ ಕಾಂಪೌಂಡ್ ಗೋಡೆ. ಆ ಬಿಸಿ ಹೋಗುವುದಾದರೂ ಎಲ್ಲಿಗೆ? ಹಗಲೆಲ್ಲ ಈ ಗೋಡೆಯನ್ನು, ಈ ಗಾಜನ್ನು ಕಾಯಿಸುತ್ತ ಕೂತಿತ್ತು. ಸಿಟ್ಟು ಅವಳ ನೆತ್ತಿಗೇರಿತು.

"ಯಜಮಾನ್ರೇ!" ಎಂದು ಆ ಮನೆಯಲ್ಲಿ ಎಂದೂ ಕೂಗದ ದನಿಯಲ್ಲಿ ಕೂಗಿದಳು. "ಎದ್ದು ಬನ್ನಿ ಇಲ್ಲಿ! ನಿಮ್ ತಂಪು ಎಲ್ಲಿಂದ ಬರ್ತಿದೆ ಅಂತ ನೋಡಿ ಬನ್ನಿ! ಹಸಿ ಬಾಣಂತಿ ಬೇಯ್ತಿದಾಳೆ ಇಲ್ಲಿ, ನೀವು ಶಾಲು ಹೊದ್ಕೊಂಡು ಕೂತಿದೀರಾ?"

ವಿಶ್ವಾರಾಧ್ಯರು ಎದ್ದು ಬರುವಷ್ಟರಲ್ಲಿ ಅವಳು ಕೂಸಿನ ಬಟ್ಟೆ, ಕಾಲುಚೀಲ ಎಲ್ಲ ಬಿಚ್ಚಿ, ಅದರ ಬರೀ ಮೈಗೆ ತೆಳು ಪಂಚೆ ಹೊದಿಸಿ ಎತ್ತಿಕೊಂಡು ಮುಂದಿನ ಕೋಣೆಯ ಕಡೆ ನಡೆದಿದ್ದಳು. ಬಾಗಿಲಿಗೆ ಅಡ್ಡ ನಿಂತವರು ತ್ರಿಪುರಸುಂದರಿ.

"ಏನ್ ಮಾಡ್ತಿದೀರ ಕಾವೇರಮ್ಮ? ಎಸಿ ರೂಮಿಗೆ ಕೂಸಾ? ನ್ಯುಮೋನಿಯಾ ಆಗ್ಬಿಡತ್ತೆ! ನೀವೇ ತಾನೆ ಹೇಳಿದ್ದು ಗಾಳಿ ಸೋಕಬಾರ್ದು ಅಂತ? ನನ್ನ ಮಗಳು ಬೇಡ್ಕೊಂಡ್ರೂ ನಾನು ಬಿಡ್ಲಿಲ್ಲ. ನಿಮ್ಮ ಮಾತಿಗೇ ಕಟ್ಟುಬಿದ್ದು ಬಿಡ್ಲಿಲ್ಲ!"

ಮೂವತ್ತನಾಲ್ಕು ವರ್ಷದಲ್ಲಿ ಯಾವ ಅಜ್ಜಿಗೂ ಅತ್ತೆಗೂ ಉತ್ತರ ಕೊಡದೆ ಬಿಟ್ಟವಳಲ್ಲ ಕಾವೇರಮ್ಮ. ಈಗ ಯಾರ ಮೇಲೆ ಕೂಗುವುದು? ಆ ಪೆಟ್ಟಿಗೆಯನ್ನು ಅಲ್ಲಿಟ್ಟವರು ಅವರು, ಒಪ್ಪಿಕೊಳ್ಳೋಣ. ಆದರೆ ಕಿಟಕಿ ಮುಚ್ಚಿಸಿದವಳು ಯಾರು? ನೀರು ಅಳೆಸಿದವಳು ಯಾರು? ಅಪ್ಪನ ಕೋಣೆಯಲ್ಲಿ ಮಲಗಲೇ ಎಂದು ಕೇಳಿದ ಹುಡುಗಿಯ ಬೆನ್ನಿಗೆ ಬಿಸಿನೀರು ಹುಯ್ದು ಬಾಯಿ ಮುಚ್ಚಿಸಿದವಳು ಯಾರು? ಅವಳ ಮೇಲೆ ಅವಳಿಗೇ ಸಿಟ್ಟು ಬಂತು.

"ಹೇಳಿದ್ದೆ," ಎಂದಳು. "ಈಗ ಬೇರೆ ಹೇಳ್ತಿದೀನಿ. ದಾರಿ ಬಿಡಿ ಅಮ್ಮಾ, ಮಗು ಕೈ ಬಿಟ್ಟು ಹೋಗತ್ತೆ."

ತ್ರಿಪುರಸುಂದರಿ ಸರಿದರು. ಎಸಿ ಕೋಣೆಯೊಳಗೆ ಕಾಲಿಟ್ಟರೆ ಅದು ಇನ್ನೊಂದು ಹುಚ್ಚು, ಹಲ್ಲು ಕಟಕಟಿಸುವ ಚಳಿ. "ಎಷ್ಟಕ್ಕಿಟ್ಟಿದೀರ ಇದನ್ನ?" ಎಂದರೆ ವಿಶ್ವಾರಾಧ್ಯರು "ಹದಿನೆಂಟು" ಎಂದರು, ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗನ ಹಾಗೆ. "ಒಂದ್ ಕಡೆ ಒಲೆ, ಒಂದ್ ಕಡೆ ಐಸು! ಆ ಚಳಿ ಕಮ್ಮಿ ಮಾಡಿ, ಮೈಗೆ ಹಿತ ಆಗೋ ಅಷ್ಟು. ಗಾಳಿ ಆ ಕಡೆ ತಿರುಗ್ಸಿ. ಅಮ್ಮಾ, ಐಶುಗೆ ಚೊಂಬಲ್ಲಿ ನೀರು ತನ್ನಿ. ಲೋಟ ಅಲ್ಲ, ಚೊಂಬು. ಯಜಮಾನ್ರೇ, ಕಾರು ತೆಗೀರಿ."

ಅವಳು ಕೂಸಿನ ಕಂಕುಳು, ತೊಡೆಗಳನ್ನು ಹದ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದಳು. ಐಶ್ವರ್ಯ ಎದೆಗೆ ಹಿಡಿದಳು. ಕೂಸು ಬಾಯಿ ತೆರೆಯಿತು, ಎರಡು ಸಲ ಚೀಪಿ ಬಿಟ್ಟಿತು. ಅಳಲಿಲ್ಲ. ಅಳು ಕಂದಾ, ಒಂದೇ ಒಂದು ಸಲ ಅಳು ಎಂದು ಕಾವೇರಮ್ಮ ಬೇಡಿಕೊಂಡಳು. ಕೂಸು ಅಳದ ಹಾಗೆ ಮಾಡುವುದನ್ನೇ ಹೊಟ್ಟೆಪಾಡು ಮಾಡಿಕೊಂಡವಳು ಅವಳು.

ಹತ್ತಿರದ ಮಕ್ಕಳ ನರ್ಸಿಂಗ್ ಹೋಮಿನಲ್ಲಿ ಜ್ವರ ನೋಡಿದರೆ ನೂರೆರಡು ದಾಟಿತ್ತು. ಹುಟ್ಟಿದ ತೂಕದಲ್ಲಿ ಕಾಲು ಕಿಲೋಗಿಂತ ಹೆಚ್ಚು ಇಳಿದಿತ್ತು. ಮೈಯಲ್ಲಿ ನೀರೇ ಇಲ್ಲ ಎಂದು, ಐಶ್ವರ್ಯಳಿಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದಾದ ಲೇಡಿ ಡಾಕ್ಟರು ಕೂಸಿನ ಕಡ್ಡಿಯಂಥ ಕೈಯಲ್ಲಿ ನರ ಹುಡುಕಿ ಡ್ರಿಪ್ ಹಾಕಿದರು. ಮೊದಲ ಸೂಜಿಗೆ ನರ ಸಿಗಲಿಲ್ಲ, ಎರಡನೆಯದಕ್ಕೂ ಸಿಗಲಿಲ್ಲ. ಆಗಲೂ ಕೂಸು ಸಣ್ಣಗೆ ನರಳಿತೇ ಹೊರತು ಕಿರುಚಲಿಲ್ಲ. ವಿಶ್ವಾರಾಧ್ಯರು ಗೋಡೆಯ ಕಡೆ ತಿರುಗಿ ನಿಂತು ಶಿವಶಿವಾ ಎನ್ನುತ್ತಿದ್ದರು.

ಸೂಜಿ ಕೂತ ಮೇಲೆ ಡಾಕ್ಟರು ಹೊರಗೆ ಬಂದರು. ಅವರೂ ಸಿಟ್ಟಿನಲ್ಲೇ ಇದ್ದರು. "ಇನ್ನು ಸ್ವಲ್ಪ ತಡ ಆಗಿದ್ರೆ ನಾನೇನೂ ಮಾಡೋಕಾಗ್ತಿರ್ಲಿಲ್ಲ. ಈ ತಿಂಗಳಲ್ಲಿ ಇದು ನಾಲ್ಕನೇ ಮಗು. ಮನೇಲಿ ಎಸಿ ಇದೆ ಅಂತೀರಾ, ಆದ್ರೂ ಮಗುನ ಬೆಚ್ಚಗೆ ಸುತ್ತಿ ಕಿಟಕಿ ಮುಚ್ಚಿ ಇಟ್ಟಿದೀರಾ. ಯಾರ್ ರೀ ಇದನ್ನೆಲ್ಲ ಹೇಳ್ಕೊಡೋದು ನಿಮಗೆ?"

ತ್ರಿಪುರಸುಂದರಿ ಶಾಲಿನ ಅಂಚನ್ನು ಹಿಸುಕುತ್ತ ನೆಲ ನೋಡುತ್ತಿದ್ದರು. ಅರ್ಧ ಗಂಟೆ ಮುಂಚೆ ನೀವೇ ತಾನೆ ಎಂದು ಕೂಗಿದ ಆ ಹೆಂಗಸು ಈಗ ಹೆಸರು ಹೇಳಲಿಲ್ಲ. ಹೇಳಿದ್ದರೆ ಕಾವೇರಮ್ಮನಿಗೆ ಸುಲಭವಾಗುತ್ತಿತ್ತು, ತಿರುಗಿ ಜಗಳವಾದರೂ ಆಡಬಹುದಿತ್ತು.

"ನಾನೇ ಡಾಕ್ಟ್ರಮ್ಮ," ಎಂದಳು. "ಮೂವತ್ನಾಲ್ಕು ವರ್ಷದಿಂದ ಎಲ್ರಿಗೂ ಇದನ್ನೇ ಹೇಳ್ತಿದೀನಿ."

ಡಾಕ್ಟರು ಅವಳನ್ನು, ಅವಳ ಎಣ್ಣೆ ಮೆತ್ತಿದ ಸೆರಗನ್ನು ನೋಡಿದರು. ಸಿಟ್ಟು ಒಂದಿಷ್ಟು ಇಳಿಯಿತು. "ಎತ್ಕೊಂಡು ಬಂದಿದ್ದೂ ನೀವೇ ಅಂತ ಆ ಹುಡುಗಿ ಹೇಳಿದ್ಲು."

"ಅದಿರ್ಲಿ. ಎಸಿ ಹಾಕಿದ್ರೆ ಶೀತ ಆಗಲ್ವಾ ಕೂಸಿಗೆ? ಸರಿಯಾಗಿ ಹೇಳಿ. ನಾನು ಓದಿದೋಳಲ್ಲ, ಆದ್ರೆ ಒಂದ್ಸಲ ಹೇಳಿದ್ರೆ ಮರೆಯಲ್ಲ."

"ಹದಿನೆಂಟಕ್ಕೆ ಇಟ್ಟು ನೇರ ಮುಖಕ್ಕೆ ಬಿಟ್ರೆ ಮಗುಗೆ ತೊಂದ್ರೇನೇ, ಮೈ ತಣ್ಣಗಾಗಿಬಿಡತ್ತೆ. ಇಪ್ಪತ್ತಾರು, ಇಪ್ಪತ್ತೇಳು ಇಡಿ, ಗಾಳಿ ಮಗು ಮೇಲೆ ಬೀಳ್ದೇ ಇರ್ಲಿ. ಒಂದೇ ಒಂದು ತೆಳು ಹತ್ತಿ ಬಟ್ಟೆ ಸಾಕು. ಎಸಿ ಇಲ್ದಿದ್ರೆ ಫ್ಯಾನ್ ಹಾಕಿ. ತಂಪು ಹೊತ್ತಲ್ಲಿ ಕಿಟಕಿ ತೆಗೀರಿ. ತಾಯಿ ಬಾಯಾರಿದಾಗೆಲ್ಲ ನೀರು ಕುಡೀಲಿ. ಮಗು ದಿನಕ್ಕೆ ಆರು ಸಲವಾದ್ರೂ ಉಚ್ಚೆ ಮಾಡ್ಬೇಕು. ಸುಮ್ನೆ ಮಲಗೇ ಇದೆ, ಎಷ್ಟು ಒಳ್ಳೇ ಮಗು ಅಂತ ಖುಷಿ ಪಡೋದಲ್ಲ, ಎಬ್ಬಿಸಿ ನೋಡ್ಬೇಕು."

ಕಾವೇರಮ್ಮ ಬೆರಳು ಮಡಿಸುತ್ತ ಒಂದೊಂದನ್ನೂ ಮತ್ತೆ ಹೇಳಿ ಒಪ್ಪಿಸಿದಳು.

ಮೂರೂವರೆಯ ಹೊತ್ತಿಗೆ ನರ್ಸು ಬಾಗಿಲಿನಿಂದ ತಲೆ ಹಾಕಿ, ಮಗು ಉಚ್ಚೆ ಮಾಡ್ತು, ಅಳ್ತಿದೆ, ತಾಯಿ ಬನ್ನಿ ಎಂದಳು. ಐಶ್ವರ್ಯ ಎದ್ದು ಓಡಿದಳು. ತ್ರಿಪುರಸುಂದರಿ ಬೆಂಚಿನ ಮೇಲೆ ಕುಸಿದು ಅತ್ತರು. ಕಾವೇರಮ್ಮನಿಗೂ ಅಳು ಬಂತು. ಮೂಗು ಒರೆಸಿಕೊಂಡು, "ಆ ಪೆಟ್ಟಿಗೇನ ಇವತ್ತೇ ಕೀಳ್ಸಿ ಬೇರೆ ಕಡೆ ಹಾಕಿಸ್ರಿ ಯಜಮಾನ್ರೇ, ಮನೆ ಅಂದ ಮನೆಹಾಳಾಗ್ಲಿ," ಎಂದಳು. ವಿಶ್ವಾರಾಧ್ಯರು ಮೊಬೈಲ್ ತೆಗೆದು ಎಸಿ ಅಂಗಡಿಯವನಿಗೆ ಫೋನ್ ಮಾಡಿದರು.

ಹಾಗೆ ಕೂತವಳ ಕಣ್ಣು ಗೋಡೆ ಗಡಿಯಾರದ ಮೇಲೆ ಬಿತ್ತು. ಹೊರಗೆ ಬಿಸಿಲು ಇನ್ನೂ ಹಾಗೇ ಇತ್ತು. ಬೆಳಿಗ್ಗೆ ತಾನೇ ನೀರು ಹಾಕಿ ಬಂದ ಮೂರು ಮನೆ ನೆನಪಾದವು. ಮೂರರಲ್ಲೂ ಕಿಟಕಿಯ ಚಿಲಕ ಹಾಕಿದ್ದು ಅವಳ ಕೈ. ಟೋಪಿಯ ದಾರ ಕಟ್ಟಿದ್ದು ಅವಳ ಕೈ. ಅದರಲ್ಲಿ ಎರಡು ಮನೆಗೆ ಎಸಿ ಹೋಗಲಿ, ಮೇಲೆ ತಾರಸಿಯೂ ಇಲ್ಲ, ಶೀಟು. ಯಾರಿಗೂ ಹೇಳದೆ ಎದ್ದಳು.

ಆಟೋದವನು ಮೀಟರಿನ ಮೇಲೆ ಹೆಚ್ಚಿಗೆ ದುಡ್ಡು ಕೇಳಿದರೂ ಅವಳು ಜಗಳವಾಡಲಿಲ್ಲ. ಮೊದಲು ಸಿಗುವುದು ವೈಯಾಲಿಕಾವಲ್‌ನ ಬಿಂದುವಿನ ಮನೆ. ಅವಳಿಗೆ ಇದು ಎರಡನೆಯ ಹೆರಿಗೆ, ಗಂಡನ ಮನೆಯಲ್ಲೇ ಬಾಣಂತನ, ಗಂಡು ಕೂಸಿಗೆ ಹನ್ನೆರಡು ದಿನ. ಮೊದಲ ಮಹಡಿಯ ಶೀಟಿನ ಕೋಣೆಗೆ ಮೆಟ್ಟಿಲು ಹತ್ತುವಾಗಲೇ ಮೇಲಿನಿಂದ ಸೆಕೆ ಇಳಿದು ಬರುತ್ತಿತ್ತು. ಕಾವೇರಮ್ಮ ಎರಡೂ ಕೈಯಿಂದ ಬಾಗಿಲು ಬಡಿದಳು.

ಬಿಂದುವಿನ ಅತ್ತೆ ಬಾಗಿಲನ್ನು ಒಂದಿಷ್ಟೇ ತೆರೆದು, ತುಟಿಯ ಮೇಲೆ ಬೆರಳಿಟ್ಟರು. "ಶ್! ಮೆಲ್ಲಗೆ ಕಾವೇರಮ್ಮ. ಏನ್ ಈ ಹೊತ್ತಲ್ಲಿ? ಕೂಸು ಮಲಗಿದೆ. ಮಧ್ಯಾಹ್ನದಿಂದ ಒಂದು ಸದ್ದಿಲ್ಲ."

"ಎಬ್ಬಿಸ್ರಿ," ಎಂದಳು ಕಾವೇರಮ್ಮ, ಬಾಗಿಲನ್ನು ಭುಜದಿಂದ ತಳ್ಳುತ್ತ. "ಅದು ಅಳೋದನ್ನ ನಾನ್ ಕೇಳ್ಬೇಕು."